ಯಾವ ಡ್ರ್ಯಾಗನ್ ಎಂದು ಕೇಳದೆ ಸೂಜಿ ಹಿಡಿದ ತಪ್ಪು

ಮೈಸೂರಿನಲ್ಲಿ ನಾನು ಹಚ್ಚೆ ಹಾಕುವ ಕೆಲಸಕ್ಕೆ ಇಳಿದು ಹನ್ನೊಂದು ವರ್ಷಗಳಾದವು. ಹೆಸರು, ಓಂಕಾರ, ತ್ರಿಶೂಲಗಳನ್ನು ಬಿಟ್ಟರೆ ನನ್ನ ಬಳಿ ಅತಿ ಹೆಚ್ಚು ಮಂದಿ ಕೇಳಿಕೊಂಡು ಬರುವ ಚಿತ್ರ ಡ್ರ್ಯಾಗನ್. ಅದರ ಬಗ್ಗೆ ನಾನು ತಿಳಿದುಕೊಂಡದ್ದೆಲ್ಲವೂ ಒಂದು ತಪ್ಪಿನ ನಂತರ ತಿಳಿದದ್ದು.

ಏಳು ವರ್ಷಗಳ ಹಿಂದೆ ಸಾಫ್ಟ್‌ವೇರ್ ಕೆಲಸದ ಹುಡುಗನೊಬ್ಬ ಫೋನಿನಲ್ಲಿದ್ದ ಚಿತ್ರ ತೋರಿಸಿ, ಅದನ್ನು ಬಲ ಭುಜದಿಂದ ಮುಂಗೈಯವರೆಗೆ ಹಾಕಿಕೊಡಬೇಕೆಂದು ಕೇಳಿದ. ಬಾವಲಿಯಂಥ ರೆಕ್ಕೆ, ಬಾಯಿಂದ ಹೊರಡುವ ಬೆಂಕಿ, ಸುತ್ತಲೂ ಜಪಾನಿ ಶೈಲಿಯ ಮೋಡ ಮತ್ತು ಅಲೆಗಳು ಆ ಚಿತ್ರದಲ್ಲಿದ್ದವು. ನೋಡಲು ಚೆನ್ನಾಗಿತ್ತು, ನಾನು ಏನನ್ನೂ ವಿಚಾರಿಸದೆ ಸ್ಟೆನ್ಸಿಲ್ ಅಂಟಿಸಿ ಕೆಲಸ ಶುರು ಮಾಡಿದೆ. ಮರುವರ್ಷ ಅವನು ಕಂಪನಿಯ ಕೆಲಸದ ಮೇಲೆ ಜಪಾನಿಗೆ ಹೋದಾಗ, ಸಹೋದ್ಯೋಗಿಗಳು ಕರೆದೊಯ್ದ ಬಿಸಿನೀರಿನ ಸ್ನಾನಗೃಹದವರು ಹಚ್ಚೆ ಕಂಡು ಅವನನ್ನು ಒಳಗೆ ಬಿಡಲಿಲ್ಲ. ಉಳಿದವರು ಮಿಂದು ಬರುವವರೆಗೂ ಅವನೊಬ್ಬನೇ ಹೊರಗೆ ಕಾದು ಕುಳಿತಿದ್ದನಂತೆ. ಊರಿಗೆ ಬಂದವನು ನನ್ನ ಮೇಲೆ ರೇಗಲಿಲ್ಲ. “ಅಣ್ಣ, ನಿಮಗೆ ಇದು ಗೊತ್ತಿರಲಿಲ್ವಾ?” ಎಂದಷ್ಟೇ ಕೇಳಿದ. ನನಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿತ್ತು.

ಅಂದಿನಿಂದ ಓದತೊಡಗಿದೆ. ಜಪಾನಿನ ಚಿತ್ರಕಾರ ಉತಗಾವಾ ಕುನಿಯೋಶಿ 1827ರ ಸುಮಾರಿಗೆ ಚೀನಾದ ಹಳೆಯ ಕಾದಂಬರಿಯೊಂದರ 108 ವೀರರನ್ನು ಮರದಚ್ಚಿನ ಚಿತ್ರಗಳಲ್ಲಿ ಬಿಡಿಸಲು ಆರಂಭಿಸಿದ. ಅವರಲ್ಲಿ ಮೈತುಂಬ ಒಂಬತ್ತು ಡ್ರ್ಯಾಗನ್‌ಗಳನ್ನು ಹೊತ್ತ ಷಿ ಜಿನ್ ಎಂಬವನೂ ಇದ್ದ. ಆ ಚಿತ್ರಗಳನ್ನು ಜನ ಕಾಗದದಿಂದ ಮೈಮೇಲೆ ಇಳಿಸಿಕೊಂಡರು. ಇಂದಿನ ಟೋಕಿಯೊ ಆದ ಎದೋ ನಗರದ ಅಗ್ನಿಶಾಮಕರಿಗೆ ಡ್ರ್ಯಾಗನ್ ಬಹು ಪ್ರಿಯವಾಗಿತ್ತು, ಏಕೆಂದರೆ ಅಲ್ಲಿಯವರ ನಂಬಿಕೆಯಲ್ಲಿ ಅದು ನೀರಿನ ಒಡೆಯ. ಬೆಂಕಿಗೆ ನುಗ್ಗುವವನ ಬೆನ್ನ ಮೇಲೆ ಅದು ರಕ್ಷೆಯಾಗಿ ಕೂರುತ್ತಿತ್ತು. 1872ರಲ್ಲಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು. ಆದರೂ ಮುಂದೆ ಐದನೆಯ ಜಾರ್ಜ್ ದೊರೆಯಾದ ಬ್ರಿಟಿಷ್ ರಾಜಕುಮಾರ 1881ರಲ್ಲಿ, ರಷ್ಯದ ಯುವರಾಜ ನಿಕೊಲಾಸ್ 1891ರಲ್ಲಿ ಜಪಾನಿಗೆ ಬಂದು ತೋಳಿಗೆ ಡ್ರ್ಯಾಗನ್ ಹಾಕಿಸಿಕೊಂಡು ಹೋದರು. ಜಪಾನಿನ ಜನರಿಗೆ ಅಪರಾಧವಾದದ್ದು ಅತಿಥಿಗಳಿಗೆ ನೆನಪಿನ ಕಾಣಿಕೆಯಾಯಿತೆಂಬುದು ನನ್ನ ಮನಸ್ಸನ್ನು ಇಂದಿಗೂ ಕಲಕುತ್ತದೆ. 1948ರಲ್ಲಿ ನಿಷೇಧ ತೆರವಾಯಿತು, ಆದರೆ ಅಷ್ಟು ಹೊತ್ತಿಗೆ ಹಚ್ಚೆಯೆಂದರೆ ಯಾಕುಝಾ ಎಂಬ ಪಾತಕಿ ಗುಂಪುಗಳ ಗುರುತೆಂಬ ಭಾವನೆ ಬೇರೂರಿತ್ತು. ನನ್ನ ಗ್ರಾಹಕನನ್ನು ಬಾಗಿಲಲ್ಲೇ ತಡೆದದ್ದು ಈ ಭಾವನೆಯೇ.

ನಾನು ಮಾಡಿದ ಇನ್ನೊಂದು ತಪ್ಪು ಆಗ ಕಣ್ಣಿಗೆ ಬಿತ್ತು. ಅವನ ತೋಳಿನಲ್ಲಿ ನೀರಿನ ಜೀವಿಗೆ ಸೇರಿದ ಅಲೆಗಳ ನಡುವೆ ಬೆಂಕಿ ಕಾರುವ ಯುರೋಪಿನ ಜೀವಿಯನ್ನು ತಂದು ಕೂರಿಸಿದ್ದೆ. ಡ್ರ್ಯಾಗನ್ ಎಂಬ ಒಂದೇ ಪದ ಇವೆರಡನ್ನೂ ಒಂದೇ ಗೂಟಕ್ಕೆ ಕಟ್ಟಿಹಾಕಿದೆ. ಯುರೋಪಿನದು ನಿಧಿಯ ಮೇಲೆ ಮಲಗಿ ಊರನ್ನು ಸುಡುವಂಥದ್ದು. ಸಂತ ಜಾರ್ಜ್ ಅದನ್ನು ಈಟಿಯಿಂದ ಇರಿಯುತ್ತಾನೆ, ಬೈಬಲಿನ ಪ್ರಕಟನೆಯ ಗ್ರಂಥದಲ್ಲಿ ಅದು ಸೈತಾನನೇ. ಆದರೆ ವೇಲ್ಸ್‌ನ ಜನರಿಗೆ ಕೆಂಪು ಡ್ರ್ಯಾಗನ್ ಸ್ವಾಭಿಮಾನದ ಚಿಹ್ನೆ, 1959ರಿಂದ ಅವರ ಅಧಿಕೃತ ಧ್ವಜದಲ್ಲಿರುವುದೂ ಅದೇ.

ಇನ್ನು ಉಗುರುಗಳ ವಿಷಯ. ಡ್ರ್ಯಾಗನ್ನಿನ ಪಾದ ಮುಂಗೈಯ ಹತ್ತಿರ ಬಂದಾಗ ಕೆಲಸ ಕಷ್ಟ. ಅಲ್ಲಿ ಚರ್ಮ ತೆಳು, ಸೂಜಿ ಕೂದಲೆಳೆಯಷ್ಟು ಹೆಚ್ಚು ಆಳಕ್ಕೆ ಹೋದರೂ ಇಂಕ್ ಹರಡಿ ಗೆರೆ ಮಸುಕಾಗುತ್ತದೆ. ಹಾಗಾಗಿ ಮೊದಲೆಲ್ಲ ನಾನು ಜಾಗ ಇದ್ದಷ್ಟಕ್ಕೆ ನಾಲ್ಕೋ ಐದೋ ಉಗುರು ಎಳೆದುಬಿಡುತ್ತಿದ್ದೆ. ಆದರೆ ಚೀನಾದ ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ ಐದುಗುರಿನ ಡ್ರ್ಯಾಗನ್ ಚಕ್ರವರ್ತಿಯ ಲಾಂಛನವಾಗಿತ್ತು, ನಾಲ್ಕುಗುರಿನದು ಅವನ ಕೆಳಗಿನವರಿಗೆ ಸಲ್ಲುತ್ತಿತ್ತು. ಜಪಾನಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮೂರು ಉಗುರು. ಈಗ ಸ್ಟೆನ್ಸಿಲ್ ಬರೆಯುವ ಮುನ್ನವೇ ಈ ಲೆಕ್ಕವನ್ನು ಗ್ರಾಹಕರಿಗೆ ತಿಳಿಸಿ, ಅವರ ಒಪ್ಪಿಗೆ ಪಡೆಯುತ್ತೇನೆ. ಇದಕ್ಕೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ, ಕೆಲವರು ಬೇಸರಪಟ್ಟು ಎದ್ದು ಹೋಗುವುದೂ ಉಂಟು.

ಕಳೆದ ವರ್ಷ ನಂಜನಗೂಡಿನ ಕಡೆಯ ಹುಡುಗನೊಬ್ಬ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಬಂದಿದ್ದ. ಅಜ್ಜಿಯ ಮುಂಗೈಯಲ್ಲಿ ಕೊರವಂಜಿ ಹಾಕಿದ್ದ ಹಸಿರು ಹಚ್ಚೆಯ ಚುಕ್ಕಿಗಳಿದ್ದವು. ಮೇಜಿನ ಮೇಲಿದ್ದ ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿದ ಅವರು, “ಇದು ನಾಗಪ್ಪ ಅಲ್ವೇನಪ್ಪ? ಇದಕ್ಕೆ ಕಾಲ್ ಯಾಕ್ ಬಂತು?” ಎಂದರು. ಅವರ ಮಾತು ಸರಿಯಾದದ್ದೇ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ಸಂಸ್ಕೃತದ ‘ನಾಗ’ ಎಂಬುದಕ್ಕೆ ತಮ್ಮ ಡ್ರ್ಯಾಗನ್ನಿನ ಹೆಸರನ್ನೇ ಬಳಸಿದರು. ನಮ್ಮ ನಾಗರಾಜರು ಅಲ್ಲಿ ಮಳೆ ಸುರಿಸುವ ಡ್ರ್ಯಾಗನ್ ರಾಜರಾದದ್ದು ಹೀಗೆ. ನಾನು ಇದನ್ನು ಹೇಳಿದಾಗ ಅಜ್ಜಿ ಕೈಮುಗಿದು, ಅರಳಿಕಟ್ಟೆಯ ನಾಗರಕಲ್ಲಿಗೆ ತಾವು ಹಾಲೆರೆಯುವುದೂ ಮಳೆ-ಬೆಳೆ ಮಕ್ಕಳು-ಮರಿಗಾಗಿಯೇ ಎಂದರು.

ಅಜ್ಜಿ ಮೊಮ್ಮಗ ಇಬ್ಬರೂ ಸೇರಿ ರೆಕ್ಕೆ, ಬೆಂಕಿ ಎರಡೂ ಬೇಡವೆಂದು ತೀರ್ಮಾನಿಸಿದರು. ನಾನು ಮೋಡದಿಂದ ಇಳಿಯುವ ಉದ್ದನೆಯ ದೇಹವನ್ನು, ಪಾದಕ್ಕೆ ಮೂರು ಉಗುರುಗಳನ್ನು, ಅದರ ಕೆಳಗೆ ನೀರಿನ ಅಲೆಗಳನ್ನು ಬಿಡಿಸಿದೆ. ನಾನು ಒಂದೊಂದೇ ಪೊರೆಯನ್ನು ತುಂಬುತ್ತಿದ್ದಷ್ಟು ಹೊತ್ತೂ ಅಜ್ಜಿ ಮೊಮ್ಮಗನ ಇನ್ನೊಂದು ಕೈಯನ್ನು ತಮ್ಮ ಹಚ್ಚೆಯ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು.