ಮಲಕಾಲ್‌ನಲ್ಲಿ ಎಳ್ಳುನೀರು

ದಕ್ಷಿಣ ಸುಡಾನಿನಲ್ಲಿ 2011ರಿಂದ ನಡೆಯುತ್ತಿರುವ ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯಾಚರಣೆಗೆ ತೆರಳಿದ ನಮ್ಮ ಬೆಟಾಲಿಯನ್ನಿನೊಡನೆ ನಾನು ಧರ್ಮಗುರುವಾಗಿ ಹೋಗಿದ್ದೆ. ಭಾರತೀಯ ಸೇನೆಯಲ್ಲಿ ಧರ್ಮಗುರುವಿನದು ಜೂನಿಯರ್ ಕಮಿಷನ್ಡ್ ಅಧಿಕಾರಿಯ ದರ್ಜೆ. ಜವಾನರಿಗೆ ಮಾತ್ರ ನಾನು ಸದಾ ‘ಪಂಡಿತ್‌ಜೀ’.

ಬಿಳಿ ನೈಲ್ ದಂಡೆಯ ಮಲಕಾಲ್‌ನಲ್ಲಿ ಮಳೆ ಹಿಡಿಯಿತೆಂದರೆ, ನಮ್ಮ ಗದಗ ಕಡೆಯ ಎರೆಹೊಲದಂಥದೇ ಕರಿಮಣ್ಣು ಬೂಟುಗಳಿಗೆ ಮೆತ್ತಿಕೊಳ್ಳುತ್ತಿತ್ತು. ಭಾನುವಾರ ಬೆಳಿಗ್ಗೆ ಆ ಬೂಟುಗಳೆಲ್ಲ ಸರ್ವಧರ್ಮ ಸ್ಥಳದ ಬಾಗಿಲಲ್ಲಿ ಸಾಲಾಗಿರುತ್ತಿದ್ದವು. ಒಳಗೆ ಕಮಾಂಡಿಂಗ್ ಅಧಿಕಾರಿಯಿಂದ ಅಡುಗೆಯವರವರೆಗೆ, ಯಾವ ಧರ್ಮದವರೇ ಆಗಿರಲಿ, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂರುತ್ತಿದ್ದರು. ಆದರೆ ನನ್ನ ನಿಜವಾದ ಕೆಲಸವಿದ್ದದ್ದು ಪೂಜೆಯ ಹೊರಗೆ, ಕಾವಲು ಮುಗಿಸಿ ಬಂದು ನಿದ್ದೆ ಬಾರದ ಹುಡುಗರ ಪಕ್ಕದಲ್ಲಿ ಎಂದೇ ನಾನು ನಂಬಿದ್ದೇನೆ.

ತಂದೆ ತೀರಿಕೊಂಡ ಸುದ್ದಿ ಬಂದಾಗ, ಮಳೆಯಿಂದಾಗಿ ವಿಮಾನ ಹಾರದೆ, ಚಿತೆಗೆ ಕೊಳ್ಳಿಯಿಡಲೂ ಊರು ಮುಟ್ಟಲಾಗದ ಒಬ್ಬ ಜವಾನನಿಗೆ ಅಡುಗೆಮನೆಯಿಂದ ತಂದ ಎಳ್ಳು, ಬಾಟಲಿಯ ನೀರಿನಿಂದಲೇ ತರ್ಪಣ ಬಿಡಿಸಿದೆ. ಅವನ ಅಂಗೈ ನಡುಗಿ ಎಳ್ಳು ಚೆಲ್ಲಿದಾಗ, ಬಳಿಯಲ್ಲೇ ಕುಳಿತಿದ್ದ ಸಿಖ್ ಹವಾಲ್ದಾರರು ಒಂದೊಂದೇ ಕಾಳನ್ನು ಹೆಕ್ಕಿ, ಮಾತಿಲ್ಲದೆ, ಮತ್ತೆ ಅವನ ಕೈಗೆ ಹಾಕಿದರು.