ಮೋಡ, ನೋಡಲಿಲ್ಲ

ಲಂಡನ್ನಿಗೆ ಬಂದ ಹೊಸದರಲ್ಲಿ ಒಂದು ಸಂಕಷ್ಟಿ ದಿನ ಪೆದ್ದನಾಗಿದ್ದೆ. ಶಿರಸಿಯಿಂದ ತಂದ ಕ್ಯಾಲೆಂಡರ್ ನೋಡಿಕೊಂಡು ಚಂದ್ರೋದಯಕ್ಕೆ ಸರಿಯಾಗಿ ಬಾಲ್ಕನಿಗೆ ಹೋದರೆ, ಬೇಸಿಗೆಯಲ್ವಾ, ಆಕಾಶದಲ್ಲಿ ಇನ್ನೂ ಬೆಳಕಿತ್ತು, ಚಂದ್ರನ ಸುಳಿವೇ ಇಲ್ಲ. ಅದು ಊರಿನ ಸಮಯ ಅಂತ ತಲೆಗೆ ಹೋಗುವಷ್ಟರಲ್ಲಿ ಹೊಟ್ಟೆ ತಾಳ ಹಾಕುತ್ತಿತ್ತು. ಆಮೇಲೆ ಮೋಡ ಕವಿಯಿತು. ಚಂದ್ರನನ್ನು ನೋಡದೆಯೇ ಅವಲಕ್ಕಿ ತಿಂದು ಮಲಗಿದೆ.

ಅದಾಗಿ ಕೆಲವು ವಾರಕ್ಕೆ ಬ್ರಿಟಿಷ್ ಮ್ಯೂಸಿಯಂಗೆ ಹೋಗಿದ್ದೆ. ಹೊರಗೆ ಮಳೆ, ಒಳಗೆ ಪ್ರವೇಶ ಪುಕ್ಕಟೆ. ಮೆಸೊಪೊಟೇಮಿಯದ ಕೋಣೆಯಲ್ಲಿ ಒಂದು ಜೇಡಿಮಣ್ಣಿನ ಫಲಕ ಇತ್ತು. ಒಂದು ಗೇಣಿಗಿಂತ ಕಡಿಮೆ ಉದ್ದ, ಒದ್ದೆ ಅಂಗಳದಲ್ಲಿ ಕೋಳಿಮರಿಗಳು ಓಡಾಡಿದ ಹಾಗೆ ಮೈತುಂಬ ಗೀರು. ಬ್ಯಾಬಿಲೋನಿನ ಅಮ್ಮಿಸದುಕ ಎಂಬ ದೊರೆಯ ಕಾಲದಲ್ಲಿ, ಅಂದರೆ ಸುಮಾರು 3,600 ವರ್ಷ ಹಿಂದೆ, ಶುಕ್ರ ಯಾವತ್ತು ಪಶ್ಚಿಮದಲ್ಲಿ ಮುಳುಗಿದ, ಎಷ್ಟು ದಿನ ಕಾಣಲಿಲ್ಲ, ಯಾವತ್ತು ಪೂರ್ವದಲ್ಲಿ ಮತ್ತೆ ಎದ್ದ ಅಂತ 21 ವರ್ಷ ಬರೆದಿಟ್ಟ ಲೆಕ್ಕ ಅದು. ಕಣ್ಣಿಗೆ ಬಿದ್ದ ಫಲಕ ಮಾತ್ರ ಸಾವಿರ ವರ್ಷ ಆದಮೇಲೆ ನಿನೆವೆ ಎಂಬ ಪಟ್ಟಣದಲ್ಲಿ ಮಾಡಿದ ನಕಲು. ಪ್ರತಿ ಸಾಲಿಗೂ ಒಂದು ಶಕುನ ಬೇರೆ: ಹೀಗಾದರೆ ಮಳೆ, ಹಾಗಾದರೆ ಯುದ್ಧ. ಶಕುನ ನೋಡುವುದಕ್ಕೇ ಶುರು ಮಾಡಿದ್ದು, ಸುಮ್ನೆ ಮುಚ್ಚಿಡುವುದೇಕೆ.

ಆದರೆ ನನಗೆ ಹುಚ್ಚು ಹಿಡಿಸಿದ್ದು ಅವರ ದಿನಚರಿಗಳು. ಬ್ಯಾಬಿಲೋನಿನಲ್ಲಿ ತಲೆತಲಾಂತರದಿಂದ ರಾತ್ರಿ ರಾತ್ರಿ ಆಕಾಶ ನೋಡಿ ಬರೆದಿಟ್ಟವು. ಈಗ ಸಿಕ್ಕಿರುವುದರಲ್ಲಿ ಹಳೆಯದು ಕ್ರಿ.ಪೂ. 652ರದ್ದು, ಕೊನೆಯದು ಕ್ರಿ.ಪೂ. 61ರದ್ದು. ಸುಮಾರು ಆರುನೂರು ವರ್ಷ! ಚಂದ್ರ ಯಾವ ನಕ್ಷತ್ರದ ಹತ್ತಿರ ಇದ್ದ, ಗುರು ಎಲ್ಲಿದ್ದ ಅನ್ನುವುದರ ಜೊತೆಗೆ ಯೂಫ್ರಟಿಸ್ ನದಿ ಎಷ್ಟು ಏರಿತು, ಒಂದು ಶೆಕೆಲ್ (ಅವರ ತೂಕದ ಅಳತೆ) ಬೆಳ್ಳಿಗೆ ಬಾರ್ಲಿ ಎಷ್ಟು, ಖರ್ಜೂರ ಎಷ್ಟು, ಎಳ್ಳು ಎಷ್ಟು, ಉಣ್ಣೆ ಎಷ್ಟು ಅಂತಾನೂ ಬರೆದಿದ್ದಾರೆ. ನಮ್ಮಜ್ಜನ ಪುಸ್ತಕವೂ ಹೀಗೇ ಇತ್ತು: ಮಳೆ ಬಂತು, ಅಡಿಕೆ ಧಾರಣೆ ಇಷ್ಟು, ಕೆಂದ ಹಸು ಕರು ಹಾಕಿತು. ಬ್ಯಾಬಿಲೋನಿನವರ ದಿನಚರಿಯಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಮಾತಿದೆ: ಮೋಡ, ನೋಡಲಿಲ್ಲ. ಕಾಣದಿದ್ದಾಗ ಕಂಡೆ ಅಂತ ಬರೆಯಲಿಲ್ಲ ಮಹಾರಾಯರು. ಅಲೆಕ್ಸಾಂಡರ್ ಸತ್ತ ದಿನದ ದಿನಚರಿಯಲ್ಲೂ, ಅಂದರೆ ಕ್ರಿ.ಪೂ. 323ರ ಜೂನ್ 11ರಂದು, ರಾಜ ಸತ್ತ ಅಂತ ಬರೆದು ಅದರ ಪಕ್ಕದಲ್ಲೇ ಮೋಡದ ಸಂಗತಿ ಬರೆದು ಮುಗಿಸಿದ್ದಾರೆ.

ಇಷ್ಟು ಕಾಲ ಬರೆದರೆ ಲೆಕ್ಕ ತಾನಾಗಿ ಮೇಲೆ ಬರುತ್ತದೆ. ಗ್ರಹಣಗಳು 223 ಚಾಂದ್ರಮಾಸಕ್ಕೊಮ್ಮೆ ಮರಳುತ್ತವೆ ಅಂತ ಅವರು ಕಂಡುಕೊಂಡರು. ಅಂದರೆ 18 ವರ್ಷ, 11 ದಿನ, ಸುಮಾರು 8 ಗಂಟೆ. ಅರವತ್ತರ ಲೆಕ್ಕ ಅವರದ್ದು, ನಮ್ಮ ಗಂಟೆಗೆ 60 ನಿಮಿಷ ಬಂದಿದ್ದೂ ಅಲ್ಲಿಂದಲೇ. ಅಧಿಕ ಮಾಸವೂ ಇತ್ತು. ಮೊದಮೊದಲು ರಾಜ ಹೇಳಿದಾಗ ಸೇರಿಸುತ್ತಿದ್ದರು. ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಒಂದು ಪತ್ರದಲ್ಲಿ, ಈ ಸಲ ಎರಡನೇ ಉಲೂಲು ತಿಂಗಳು ಹಿಡಿಯಿರಿ, ಆದರೆ ಮುಂದಿನ ತಿಂಗಳು ಬರಬೇಕಾದ ಕಂದಾಯ ಈ ಅಧಿಕ ಮಾಸದ 25ಕ್ಕೇ ಬಂದು ಬೀಳಬೇಕು ಅಂತ ಅಪ್ಪಣೆಯಿದೆ! ಆಮೇಲಾಮೇಲೆ 19 ವರ್ಷಕ್ಕೆ 7 ಅಂತ ನಿಯಮವೇ ಆಯಿತು. ಚಾಂದ್ರಮಾಸವನ್ನು ಮೂವತ್ತು ಸಮಪಾಲು ಮಾಡಿದ ಒಂದು ಅಳತೆಯೂ ಅವರಲ್ಲಿತ್ತು. ಅದಕ್ಕೆ ಇವತ್ತಿನ ವಿದ್ವಾಂಸರು ಯಾವ ಹೆಸರಿಟ್ಟಿದ್ದಾರೆ ಗೊತ್ತಾ? ತಿಥಿ. ನಮ್ಮದೇ ಪದ. ಇಂಗ್ಲಿಷ್ ಪುಸ್ತಕದಲ್ಲಿ ಅದನ್ನು ನೋಡಿ ಒಬ್ಬನೇ ನಕ್ಕೆ.

ಆ 18 ವರ್ಷ 11 ದಿನವನ್ನು ನನ್ನ ಮೇಲೇ ಹಾಕಿ ನೋಡಿದೆ. 2008ರ ಆಗಸ್ಟ್ 1, ಭೀಮನ ಅಮಾವಾಸ್ಯೆ, ಸಂಜೆ ಸೂರ್ಯಗ್ರಹಣ. ಆಗ ನಾನು ಹೈಸ್ಕೂಲು. ಶಿರಸಿಯ ಆಷಾಢ ಹೇಗಿರುತ್ತೆ ಗೊತ್ತಲ್ಲ, ಮೋಡ, ನೋಡಲಿಲ್ಲ. ಅದೇ ಗ್ರಹಣದ ಮುಂದಿನ ಸರದಿ 2026ರ ಆಗಸ್ಟ್ 12, ಅದೂ ಭೀಮನ ಅಮಾವಾಸ್ಯೆಯೇ. ಉಳಿದ ಎಂಟು ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿಬಿಡುವುದರಿಂದ ಈ ಸಲ ಸರದಿ ಪಶ್ಚಿಮದವರದ್ದು. ಲಂಡನ್ನಿನಲ್ಲಿ ಸೂರ್ಯನ ಸುಮಾರು ಶೇಕಡ 90 ಭಾಗ ಮುಚ್ಚುವ ಲೆಕ್ಕ.

ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಉತ್ಸಾಹದಿಂದ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಮಗೆ ಕಾಣೋದಿಲ್ಲ ಅಂದ್ಮೇಲೆ ನಮಗೆ ಗ್ರಹಣ ಇಲ್ಲ, ಪೂಜೆ ಯಾವಾಗಿನ ಹಾಗೆ ಆಗುತ್ತೆ. ನೀನು ಮಾತ್ರ ಊಟ ಬೇಗ ಮುಗಿಸ್ಕೋ" ಅಂದಳು.