ನಾಯಿಯ ಹೊಟ್ಟೆ ಹೊಲಿಯುವಾಗ ಭಾರ ಹೊರುವುದು ಯಾವ ಪದರ?

ನಾಯಿಯ ಹೊಟ್ಟೆಯ ಹೊಲಿಗೆ ಬಿಟ್ಟುಕೊಂಡರೆ ಮೊದಲು ಬೈಸಿಕೊಳ್ಳುವುದು ದಾರ. ಆದರೆ ದಾರ ತುಂಡಾಗುವುದು ಅಪರೂಪ. ಹೆಚ್ಚಿನ ಸಲ ಗಂಟು ಜಾರಿರುತ್ತದೆ, ಇಲ್ಲವೇ ಸೂಜಿ ಹಿಡಿಯಬೇಕಾದ ಪದರವನ್ನೇ ಹಿಡಿದಿರುವುದಿಲ್ಲ.

ಭಾರ ಹೊರುವುದು ರೆಕ್ಟಸ್ ಸ್ನಾಯುವಿನ (ಹೊಟ್ಟೆಯ ನಡುಗೆರೆಯ ಎರಡೂ ಬದಿಗೆ ಉದ್ದಕ್ಕೆ ಇರುವ ಸ್ನಾಯು) ಹೊರಪೊರೆ. ಎರಡೂ ಬದಿಯ ಪೊರೆಗಳು ನಡುವೆ ಕೂಡುವ ಬಿಳಿ ಪಟ್ಟಿ, ಅಂದರೆ ಲೀನಿಯಾ ಆಲ್ಬಾ, ಎದೆಮೂಳೆಯ ಕಡೆ ಅಗಲವಾಗಿ ಸಿಗುತ್ತದೆ. ಪ್ಯೂಬಿಸ್ (ಸೊಂಟದ ಮುಂಭಾಗದ ಮೂಳೆ) ಕಡೆ ಹೋದಂತೆ ಗೆರೆಯಷ್ಟು ಸಣ್ಣಗಾಗುತ್ತದೆ, ಸ್ನಾಯುವಿನ ಒಳಪೊರೆಯೂ ಅಲ್ಲಿಲ್ಲ. ಸ್ಪೇ (ಹೆಣ್ಣುನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆ) ಮಾಡುವಾಗ ಕತ್ತಿ ಕೊಂಚ ಪಕ್ಕಕ್ಕೆ ಸರಿದರೂ ಕೆಂಪು ಸ್ನಾಯು ಕಾಣುತ್ತದೆ. ಆಗ ಅದನ್ನು ಬಿಟ್ಟು ಹೊರಪೊರೆಯನ್ನಷ್ಟೇ ಹಿಡಿಯಿರಿ. ಸ್ನಾಯು ಸೇರಿಸಿ ಬಿಗಿದರೆ ಅದು ರಕ್ತವಿಲ್ಲದೆ ಸಾಯುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಹೊಟ್ಟೆಯ ಒಳಗೋಡೆಯ ತೆಳುಪೊರೆ ಪೆರಿಟೋನಿಯಂ ಕೆಲವೇ ದಿನಗಳಲ್ಲಿ ತಾನಾಗಿ ಕೂಡುತ್ತದೆ, ಅದಕ್ಕೆ ಹೊಲಿಗೆ ಬೇಡ. ಹೊಟ್ಟೆಯ ಮುಂಭಾಗದಲ್ಲಿ ನಡುಗೆರೆಯ ಒಳಗೆ ಇರುವ ಫಾಲ್ಸಿಫಾರ್ಮ್ ಕೊಬ್ಬು ಅಂಚುಗಳ ನಡುವೆ ಸಿಕ್ಕಿಕೊಳ್ಳುವಂತಿದ್ದರೆ ಮೊದಲೇ ತೆಗೆದುಬಿಡಿ.

ಅಂಚಿನಿಂದ 5–10 ಮಿ.ಮೀ. ದೂರಕ್ಕೆ ಸೂಜಿ, ಹೊಲಿಗೆಗಳ ನಡುವೆಯೂ ಅಷ್ಟೇ ಅಂತರ. ತೀರಾ ಚಿಕ್ಕ ನಾಯಿಗೆ ಇನ್ನೂ ಕಡಿಮೆ. ಅಂಚುಗಳು ಮುಟ್ಟಿದರೆ ಸಾಕು. ಆಮೇಲೆ ಬಾವು ಬಂದೇ ಬರುತ್ತದೆ, ಬಿಗಿದ ದಾರ ಆಗ ಪೊರೆಯನ್ನೇ ಕೊಯ್ಯುತ್ತದೆ.

ದಾರ ಪಿಡಿಎಸ್ (ನಿಧಾನವಾಗಿ ದೇಹದಲ್ಲೇ ಕರಗುವ ಒಂಟಿ ಎಳೆಯ ದಾರ) ಇರಲಿ. ಅಳತೆಯಲ್ಲಿ 3-0 ಸಣ್ಣದು, 2-0 ಅದಕ್ಕಿಂತ ದಪ್ಪ, 0 ಇನ್ನೂ ದಪ್ಪ: 5 ಕೆ.ಜಿ. ಒಳಗಿನ ನಾಯಿಗೆ 3-0, ಮಧ್ಯಮ ಗಾತ್ರಕ್ಕೆ 2-0, 20 ಕೆ.ಜಿ. ದಾಟಿದರೆ 0. ಮೂರು ವಾರ ಕಳೆದರೂ ಪೊರೆಗೆ ಮೂಲ ಬಲದ ಸುಮಾರು 20 ಪ್ರತಿಶತವಷ್ಟೇ ಮರಳಿರುತ್ತದೆ. ಅಲ್ಲಿಯವರೆಗೆ ಬಲ ಉಳಿಸಿಕೊಳ್ಳದ ಕ್ರೋಮಿಕ್ ಕ್ಯಾಟ್‌ಗಟ್ (ಪ್ರಾಣಿಗಳ ಕರುಳಿನಿಂದ ಮಾಡಿದ ದಾರ) ಎಷ್ಟೇ ಅಗ್ಗವಾದರೂ ಇಲ್ಲಿಗೆ ಸಲ್ಲ.

ಸಿಂಪಲ್ ಕಂಟಿನ್ಯುಯಸ್, ಅಂದರೆ ನಡುವೆ ಗಂಟಿಲ್ಲದೆ ಒಂದೇ ದಾರದಲ್ಲಿ ಸಾಗುವ ಹೊಲಿಗೆ, ಬೇಗ ಮುಗಿಯುತ್ತದೆ, ಎಳೆತವೂ ಸಮನಾಗಿ ಹಂಚಿಕೊಳ್ಳುತ್ತದೆ. ಅಪಾಯವೆಂದರೆ ಇಡೀ ಹೊಟ್ಟೆ ಎರಡೇ ಗಂಟುಗಳ ಮೇಲೆ ನಿಂತಿರುತ್ತದೆ. ಶುರುವಿನ ಗಂಟಿಗೆ 4–5 ಸುತ್ತು (ಒಂದರ ಮೇಲೊಂದು ಕಟ್ಟು) ಹಾಕಿ. ಕೊನೆಯ ಗಂಟನ್ನು ಕುಣಿಕೆಗೆ ಕಟ್ಟುವುದರಿಂದ ಅದು ಹೆಚ್ಚು ಜಾರುತ್ತದೆ, 6–7 ಬೇಕು. ಪ್ರತಿ ಸುತ್ತಿಗೂ ದಿಕ್ಕು ಬದಲಿಸಿ, ಎರಡೂ ತುದಿಗಳನ್ನು ಸಮನಾಗಿ ಎಳೆಯಿರಿ. ಒಂದೇ ಎಳೆಯನ್ನು ಮೇಲಕ್ಕೆತ್ತಿದರೆ ಅದು ಗಂಟಲ್ಲ, ಜಾರುಗುಣಿಕೆ. ಒಳಗೆ ಉಳಿಯುವ ದಾರವನ್ನು ನೀಡಲ್ ಹೋಲ್ಡರ್‌ನಿಂದ (ಸೂಜಿ ಹಿಡಿಯುವ ಇಕ್ಕಳ) ಕಚ್ಚಿ ಹಿಡಿಯಲೂಬೇಡಿ, ಕಚ್ಚಿದಲ್ಲೇ ಅದು ತುಂಡಾಗುತ್ತದೆ.

ಚರ್ಮಕ್ಕೆ ನೈಲಾನ್ ಹಾಕಿ 10–14 ದಿನಕ್ಕೆ ತೆಗೆದರಾಯಿತು. ಆದರೆ ಮೊದಲ ಐದು ದಿನಗಳಲ್ಲಿ ಗಾಯದಿಂದ ರಕ್ತ ಬೆರೆತ ತೆಳು ನೀರು ಜಿನುಗಿದರೆ, ಚರ್ಮ ಕೂಡಿದೆಯೆಂದು ಬ್ಯಾಂಡೇಜ್ ಕಟ್ಟಿ ಕಳಿಸಬೇಡಿ. ಬೆರಳಿಂದ ತಡವಿ ನೋಡಿ: ಕೆಳಗಿನ ಮೆತ್ತನೆಯ ಉಬ್ಬು ಒತ್ತಿದಾಗ ಒಳಸರಿದರೆ ಒಳಗಿನ ಹೊಲಿಗೆ ಬಿಟ್ಟಿದೆ ಎಂದರ್ಥ, ನಾಯಿ ಅಂದೇ ಮತ್ತೆ ಟೇಬಲ್ ಮೇಲೆ.